ಆಪ್ತರಾಗದೆ ಕೇಳುವವರು

ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ (1982) ಚಿತ್ರವನ್ನು ನಾನು ಮೊದಲು ನೋಡಿದ್ದು ಹಾಸ್ಟೆಲಿನ ಟೀವಿಯಲ್ಲಿ. ಭಾನುವಾರದ ಸಂಜೆ. ಊಟದ ಹಾಲಿನ ಬೆಂಚುಗಳನ್ನೆಲ್ಲ ಎಳೆದು ತಂದು ಕೂತಿದ್ದೆವು. ಕೊನೆಯಲ್ಲಿ ಶ್ರೀನಾಥ್ ಬುದ್ಧಿ ಕಳೆದುಕೊಳ್ಳುವ ದೃಶ್ಯ ಬಂದಾಗ ಯಾರೂ ಮಾತಾಡಲಿಲ್ಲ. ಕೋಣೆಗೆ ಮರಳುವಾಗ ಮೆಟ್ಟಿಲಿನ ಮೇಲೆ ಗೆಳತಿಯೊಬ್ಬಳು ಅಂದದ್ದು ಇನ್ನೂ ನೆನಪಿದೆ: ‘ಆ ಹುಡುಗಿಗೆ ಕೃತಜ್ಞತೆಯೇ ಇಲ್ಲ ಕಣೇ. ಹುಚ್ಚು ಬಿಡಿಸಿದವನನ್ನೇ ಹುಚ್ಚನನ್ನಾಗಿ ಮಾಡಿ ಹೋದಳು.’ ನಾವೆಲ್ಲ ಹೌದೆಂದೆವು. ವೈದ್ಯನಿಗಾಗಿ ಅತ್ತವರು ನಾವು. ರೋಗಿಗಾಗಿ ಅತ್ತವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಈಚೆಗೆ ಅದೇ ಚಿತ್ರವನ್ನು ಮತ್ತೆ ನೋಡಿದೆ. ವಿಜಯಭಾಸ್ಕರ್ ಅವರ ಸಂಗೀತ ಇಂದಿಗೂ ಮಾಸಿಲ್ಲ. ಶ್ರೀನಾಥ್ ಮತ್ತು ಪದ್ಮಾ ವಾಸಂತಿ ಅವರ ಅಭಿನಯದ ಬಗ್ಗೆಯೂ ಎರಡು ಮಾತಿಲ್ಲ. ಆದರೆ ಈ ಸಲ ನನಗೆ ಅಳು ಬರಲಿಲ್ಲ. ಚಿತ್ರ ಮುಂದುವರಿದಂತೆ ಒಂದು ಬಗೆಯ ಕಿರಿಕಿರಿ, ಆಮೇಲೆ ಭಯ. ನಡುವಿನ ವರ್ಷಗಳಲ್ಲಿ ನನ್ನ ಚಿಕ್ಕಮ್ಮನ ಮಗಳ ಬಾಳಿನಲ್ಲಿ ನಡೆದ ಒಂದು ಸಂಗತಿ ಇದಕ್ಕೆ ಕಾರಣವಿರಬೇಕು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಚಿತ್ರದ ಮಾತು.

ಕಥೆ ಬಹುತೇಕ ಎಲ್ಲರಿಗೂ ಗೊತ್ತಿರುವಂಥದ್ದು. ಮನೋವೈದ್ಯನೊಬ್ಬ ಮಾನಸಿಕವಾಗಿ ಅಸ್ವಸ್ಥಳಾದ ತರುಣಿಯೊಬ್ಬಳ ಆರೈಕೆಗೆ ನಿಲ್ಲುತ್ತಾನೆ. ಆಕೆ ನಿಧಾನವಾಗಿ ಚೇತರಿಸಿಕೊಳ್ಳುತ್ತಾಳೆ. ಚೇತರಿಕೆಯ ಹಾದಿಯಲ್ಲೇ ಆತ ಆಕೆಯನ್ನು ಪ್ರೀತಿಸತೊಡಗುತ್ತಾನೆ. ಆದರೆ ಗುಣವಾದ ಆಕೆಯ ಮನಸ್ಸು ಇನ್ನೊಬ್ಬ ಯುವಕನಲ್ಲಿ (ರಾಮಕೃಷ್ಣ) ನೆಡುತ್ತದೆ. ಈ ಆಘಾತವನ್ನು ತಾಳಲಾರದೆ ವೈದ್ಯನೇ ಹುಚ್ಚನಾಗುತ್ತಾನೆ. ತಾನು ಸಾಕಿ ಬೆಳೆಸಿದ ಹಕ್ಕಿಯೇ ತನ್ನ ಮೇಲೆ ಎರಗಿತು ಎಂಬ ಅರ್ಥದ ಹಾಡೊಂದು ಚಿತ್ರದ ಒಟ್ಟು ನಿಲುವನ್ನು ಹೇಳಿಬಿಡುತ್ತದೆ. ಆ ಹಾಡನ್ನು ಗುನುಗದ ಕನ್ನಡಿಗರು ಕಡಿಮೆ. ಈ ಚಿತ್ರಕ್ಕೂ ನಿರ್ದೇಶಕರ ಖಾಸಗಿ ಬದುಕಿಗೂ ಗಂಟು ಹಾಕುವ ಗಾಂಧಿನಗರದ ಗಾಳಿಮಾತುಗಳು ನಮಗೆ ಬೇಡ. ತೆರೆಯ ಮೇಲೆ ಇರುವುದಷ್ಟನ್ನೇ ನೋಡೋಣ.

ತೆರೆಯ ಮೇಲೆ ಇರುವುದೇನು? ಒಬ್ಬಾಕೆ ತನ್ನ ಅತ್ಯಂತ ದುರ್ಬಲ ಗಳಿಗೆಯಲ್ಲಿ ಇನ್ನೊಬ್ಬನ ಕೈಗೆ ಬಂದಿದ್ದಾಳೆ. ಆಯ್ಕೆ ಮಾಡುವ, ಬೇಡವೆನ್ನುವ ಶಕ್ತಿಯೇ ಆಕೆಗೆ ಆಗ ಇಲ್ಲ. ಆ ಶಕ್ತಿಯನ್ನು ಮರಳಿಸಿ ಕೊಡುವುದೇ ವೈದ್ಯನ ಕೆಲಸ. ಆತ ಅದನ್ನು ಚೆನ್ನಾಗಿಯೇ ಮಾಡುತ್ತಾನೆ. ಆದರೆ ಹಾಗೆ ಮರಳಿ ಪಡೆದ ಶಕ್ತಿಯಿಂದ ಆಕೆ ಮಾಡುವ ಮೊದಲ ಸ್ವತಂತ್ರ ಆಯ್ಕೆ ತನ್ನ ಪರವಾಗಿ ಇಲ್ಲದಿದ್ದಾಗ ಆತ ಕುಸಿದು ಬೀಳುತ್ತಾನೆ. ವೃತ್ತಿಯ ಕಣ್ಣಿನಿಂದ ನೋಡಿದರೆ ಆಕೆಯ ಆ ಆಯ್ಕೆಯೇ ಚಿಕಿತ್ಸೆ ಗೆದ್ದುದಕ್ಕೆ ಪುರಾವೆ. ಚಿತ್ರ ಅದನ್ನೇ ದ್ರೋಹವೆಂದು ಕರೆಯುತ್ತದೆ. ಒಬ್ಬ ವೈದ್ಯನ ವೃತ್ತಿದೋಷವನ್ನು ಒಬ್ಬ ಪ್ರೇಮಿಯ ದುರಂತವನ್ನಾಗಿ ಹೇಳಿದ್ದರಿಂದ ನಾವು ಹಾಸ್ಟೆಲಿನ ಹುಡುಗಿಯರು ತಪ್ಪು ವಿಳಾಸಕ್ಕೆ ಕಣ್ಣೀರು ಕಳಿಸಿದೆವು.

ನಲವತ್ತು ವರ್ಷದ ಹಿಂದಿನ ಚಿತ್ರವನ್ನು ಇಂದಿನ ನೀತಿಸಂಹಿತೆಯಿಂದ ಅಳೆಯುವುದು ನ್ಯಾಯವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಈ ನೀತಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಹಿಪೊಕ್ರೇಟಿಸನ ಹೆಸರಿನಲ್ಲಿರುವ ಪುರಾತನ ಗ್ರೀಕ್ ಪ್ರತಿಜ್ಞೆಯಲ್ಲೇ, ರೋಗಿಯ ಮನೆಯೊಳಗೆ ಕಾಲಿಡುವ ವೈದ್ಯ ಅಲ್ಲಿಯ ಹೆಣ್ಣು ಗಂಡು ಯಾರೊಂದಿಗೂ ದೇಹಸಂಬಂಧ ಬೆಳೆಸಕೂಡದು, ಅಲ್ಲಿ ಕಂಡು ಕೇಳಿದ್ದನ್ನು ಹೊರಗೆ ಆಡಕೂಡದು ಎಂಬ ಎರಡೂ ಮಾತುಗಳಿವೆ. ಇನ್ನು ಫ್ರಾಯ್ಡ್ 1915ರಲ್ಲಿ ಇದೇ ವಿಷಯದ ಮೇಲೆ ಒಂದು ಪ್ರಬಂಧವನ್ನೇ ಬರೆದ. ಚಿಕಿತ್ಸೆಯ ನಡುವೆ ರೋಗಿಗೆ ವೈದ್ಯನ ಮೇಲೆ ಹುಟ್ಟುವ ಪ್ರೀತಿಯನ್ನು ಆತ ಟ್ರಾನ್ಸ್‌ಫರೆನ್ಸ್ ಎಂದು ಕರೆದ. ಭಾವವರ್ಗಾವಣೆ ಎಂದು ನಾವು ಹೇಳಬಹುದು. ಬದುಕಿನ ಹಿಂದಿನ ಸಂಬಂಧಗಳಲ್ಲಿ ತೀರದೆ ಉಳಿದದ್ದು ಎದುರು ಕೂತವರ ಮೇಲೆ ಬಂದು ಕೂರುತ್ತದೆ. ಇದು ಚಿಕಿತ್ಸೆಯ ಸನ್ನಿವೇಶದಿಂದ ಹುಟ್ಟಿದ್ದು, ನನ್ನ ಚೆಲುವು ಗುಣಗಳಿಂದಲ್ಲ ಎಂಬುದನ್ನು ವೈದ್ಯ ಮರೆಯಬಾರದು. ಆ ಪ್ರೀತಿಯನ್ನು ಗದರಿ ಅಡಗಿಸಲೂಬಾರದು, ಅದಕ್ಕೆ ಸ್ಪಂದಿಸಲೂಬಾರದು ಎನ್ನುವುದು ಆ ಪ್ರಬಂಧದ ಸಾರ. ವೈದ್ಯನಲ್ಲೇ ಹುಟ್ಟುವ ಭಾವದ ಬಗ್ಗೆಯೂ ಮನೋವಿಶ್ಲೇಷಕರು ಅದೇ ಕಾಲದಲ್ಲಿ ಎಚ್ಚರಿಸಿದ್ದರು. ‘ಮಾನಸ ಸರೋವರ’ ತೆರೆ ಕಾಣುವ ಹೊತ್ತಿಗೆ ಈ ತಿಳಿವಳಿಕೆಗೆ ಅರವತ್ತು ವರ್ಷ ದಾಟಿತ್ತು. ಬೆಂಗಳೂರಿನಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಿಂದ ಇತ್ತು. ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಗಿತ್ತು. ಕೇಳಿ ತಿಳಿಯಲು ಗಾಂಧಿನಗರದಿಂದ ಹೊಸೂರು ರಸ್ತೆ ದೂರವೇನೂ ಅಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ‘ಶರಪಂಜರ’ ಮಾಡಿದವರೂ ಇದೇ ಪುಟ್ಟಣ್ಣ. ಬಾಣಂತಿತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮನೆಯವರು, ನೆರೆಹೊರೆಯವರು, ಕೊನೆಗೆ ಗಂಡ ಕೂಡ ಹೇಗೆ ಮತ್ತೆ ಅದೇ ಕತ್ತಲಿಗೆ ದೂಡಿದರು ಎಂಬುದನ್ನು ಆ ಚಿತ್ರದಲ್ಲಿ ನಾವು ಕಾವೇರಿಯ ಕಣ್ಣಿನಿಂದಲೇ ಕಂಡೆವು. ಕಲ್ಪನಾ ಅವರ ಆ ಮುಖವನ್ನು ಮರೆಯುವುದುಂಟೇ? ಗುಣವಾದವಳು ಎಲ್ಲರಂತೆ ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ರೋಗಿಯ ಪರವಾಗಿ ಕನ್ನಡ ಸಿನಿಮಾ ಆಡಿದ ಅತಿ ಗಟ್ಟಿ ಮಾತು ಅದು. ಅಂಥ ನಿರ್ದೇಶಕ ಹತ್ತು ವರ್ಷದ ಬಳಿಕ ಕ್ಯಾಮೆರಾವನ್ನು ರೋಗಿಯ ಕಡೆಯಿಂದ ಎತ್ತಿ ವೈದ್ಯನ ಹೆಗಲ ಮೇಲೆ ಇಟ್ಟರು. ‘ಶರಪಂಜರ’ದ ಕಾವೇರಿಗೆ ನಿರಾಕರಿಸಲಾಗಿದ್ದ ಹಕ್ಕನ್ನು, ಅಂದರೆ ಗುಣವಾದ ಮೇಲೆ ಎಲ್ಲರಂತೆ ಬದುಕುವ ಹಕ್ಕನ್ನು, ‘ಮಾನಸ ಸರೋವರ’ದ ಹುಡುಗಿ ಬಳಸಿಕೊಂಡಳು. ಅದಕ್ಕಾಗಿ ಚಿತ್ರ ಅವಳನ್ನು ಕ್ಷಮಿಸಲಿಲ್ಲ. ಮೂಲದಲ್ಲಿ ತ್ರಿವೇಣಿಯಂಥ, ಮನಶ್ಶಾಸ್ತ್ರ ಓದಿದ ಹೆಣ್ಣುಮಗಳೊಬ್ಬಳು ಇದ್ದುದು ಮತ್ತು ಇಲ್ಲದಿದ್ದುದು ಈ ವ್ಯತ್ಯಾಸಕ್ಕೆ ಕಾರಣವೇ? ನನಗೆ ಹಾಗೆ ಅನ್ನಿಸುತ್ತದೆ.

ನಮ್ಮ ಭಾಷೆಯೂ ಇದರಲ್ಲಿ ಪಾಲುದಾರ. ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ನಾವು ಕಟ್ಟಿಕೊಂಡ ಪದ ‘ಆಪ್ತಸಲಹೆ’, ಈಗೀಗ ‘ಆಪ್ತಸಮಾಲೋಚನೆ’. ಕೇಳಲು ಹಿತವಾದ ಪದ. ಆದರೆ ಆಪ್ತಸಲಹೆ ಎಂಬ ಜೋಡಿಯ ಎರಡೂ ತುಂಡುಗಳು ದಾರಿ ತಪ್ಪಿಸುತ್ತವೆ. ಸಮಾಲೋಚಕರು ನಮ್ಮ ಆಪ್ತರಲ್ಲ, ಆಗಲೂಬಾರದು. ಅವರು ಸಲಹೆ ಕೊಡುವವರೂ ಅಲ್ಲ. ಆಪ್ತರಲ್ಲಿ ಹೇಳಿಕೊಳ್ಳಲಾಗದ್ದನ್ನು ಹೇಳಲೆಂದೇ ಜನ ಅಲ್ಲಿಗೆ ಹೋಗುವುದು. ಸಲಹೆ ಕೊಡುವವರಿಗೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ: ಅತ್ತೆ, ಸೋದರಮಾವ, ಮಠದ ಸ್ವಾಮಿಗಳು, ಜಮಾಅತ್‌ನ ಹಿರಿಯರು, ಬಸ್ಸಿನಲ್ಲಿ ಪಕ್ಕದ ಸೀಟಿನವರು. ಇವರೆಲ್ಲ ಮಾಡುವುದಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ, ‘ಬುದ್ಧಿ ಹೇಳುವುದು’. ಓಡಿಹೋದ ಜೋಡಿಯನ್ನು ಠಾಣೆಗೆ ಕರೆಸಿ ‘ಕೌನ್ಸೆಲಿಂಗ್ ಮಾಡಿ ಪೋಷಕರೊಂದಿಗೆ ಕಳಿಸಲಾಯಿತು’ ಎಂದು ಪತ್ರಿಕೆಗಳು ಬರೆಯುವಾಗ ಅರ್ಥ ಅದೇ. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಈ ಇಂಗ್ಲಿಷ್ ಪದ ಬಂದದ್ದಂತೂ ಸಿಇಟಿ ಸೀಟು ಹಂಚಿಕೆಯಿಂದ. ತಮಾಷೆಯೆಂದರೆ ಆ ಕೌನ್ಸೆಲಿಂಗಿನಲ್ಲಿ ಯಾರೂ ಬುದ್ಧಿ ಹೇಳುತ್ತಿರಲಿಲ್ಲ. ಇರುವ ಸೀಟುಗಳನ್ನು ಪರದೆಯ ಮೇಲೆ ತೋರಿಸಿ, ನಿನಗೆ ಬೇಕಾದ್ದನ್ನು ನೀನೇ ಆರಿಸಿಕೋ ಎನ್ನುತ್ತಿದ್ದರು. ಮನಸ್ಸಿನ ಕೌನ್ಸೆಲಿಂಗಿನಲ್ಲಿ ನಡೆಯಬೇಕಾದ್ದು ಹೆಚ್ಚುಕಡಿಮೆ ಅದೇ.

‘ಆಪ್ತ’ ಪದದ ಅಪಾಯವನ್ನು ನೋಡಲು ‘ಆಪ್ತಮಿತ್ರ’ (2004) ಸಾಕು. ಮಲಯಾಳದ ‘ಮಣಿಚಿತ್ರತಾಳ್’ (1993) ಚಿತ್ರದ ಈ ಕನ್ನಡ ರೂಪದಲ್ಲಿ ವಿಷ್ಣುವರ್ಧನ್ ಅವರ ಮನೋವೈದ್ಯ ರೋಗಿಯ ಗಂಡನ ಗೆಳೆಯ. ಆತ ತಂಗುವುದು ರೋಗಿ ಇರುವ ಮನೆಯಲ್ಲೇ. ಸೌಂದರ್ಯ ಅವರ ಗಂಗಾಳಿಗೆ ತನಗೊಂದು ಕಾಯಿಲೆಯಿದೆ, ಅದಕ್ಕೆ ಇಂಥ ಚಿಕಿತ್ಸೆ ನಡೆಯುತ್ತಿದೆ ಎಂದು ಯಾರೂ ಕೇಳಿ ಒಪ್ಪಿಗೆ ಪಡೆದದ್ದು ನನಗೆ ಕಾಣಲಿಲ್ಲ. ಅವಳ ವಿಷಯವೆಲ್ಲ ಗಂಡಸರ ನಡುವೆ ತೀರ್ಮಾನವಾಗುತ್ತದೆ. ಚಿಕಿತ್ಸೆ ಮನೆಮಂದಿಯ ಮುಂದೆ ಒಂದು ಪ್ರದರ್ಶನದಂತೆ ನಡೆಯುತ್ತದೆ. ಅದು ಭಯ-ಹಾಸ್ಯದ ಜನಪ್ರಿಯ ಚಿತ್ರ, ಅದರಿಂದ ಪಠ್ಯಪುಸ್ತಕವನ್ನು ನಿರೀಕ್ಷಿಸಲಾಗದು. ಆದರೂ ರೋಗಿಗೆ ವೈದ್ಯನೇ ಮನೆಯ ಗೆಳೆಯನಾದರೆ ಎಲ್ಲರಿಗೂ ಎಷ್ಟು ಅನುಕೂಲ ಎಂಬ ನಮ್ಮ ಸಮಾಜದ ನಂಬಿಕೆ ಅದರ ಹೆಸರಿನಲ್ಲೇ ಇದೆ. ವೃತ್ತಿಯವರು ಇದನ್ನೇ ‘ಎರಡು ಸಂಬಂಧ’ದ ತೊಡಕು ಎನ್ನುತ್ತಾರೆ: ಒಂದೇ ವ್ಯಕ್ತಿ ನಮಗೆ ಸಮಾಲೋಚಕರೂ ಆಗಿ, ನಂಟರೋ ಮೇಷ್ಟರೋ ಸಾಲ ಕೊಟ್ಟವರೋ ಕೂಡ ಆಗಿದ್ದರೆ, ಅವರ ಕಿವಿ ಯಾವ ಸಂಬಂಧದ ಪರವಾಗಿ ಕೇಳುತ್ತಿದೆ ಎಂದು ತಿಳಿಯುವುದಿಲ್ಲ.

ಹಿಂದಿಯ ‘ಡಿಯರ್ ಜಿಂದಗಿ’ (2016) ಬಂದಾಗ ಬಹಳ ಜನ ಅದನ್ನು ಹೊಗಳಿದರು. ಒಂದು ವಿಷಯದಲ್ಲಿ ಆ ಹೊಗಳಿಕೆ ಸಲ್ಲುತ್ತದೆ. ಗೌರಿ ಶಿಂಧೆ ನಿರ್ದೇಶನದ ಈ ಚಿತ್ರದ ಕೊನೆಯ ಭೇಟಿಯಲ್ಲಿ ತರುಣಿ ಕೈರಾ (ಆಲಿಯಾ ಭಟ್) ತನ್ನ ಚಿಕಿತ್ಸಕನನ್ನು (ಶಾರುಖ್ ಖಾನ್) ಇನ್ನು ಮುಂದೆಯೂ ಕಾಣಬೇಕೆಂದು ಬಯಸುತ್ತಾಳೆ. ಆತ ಅವಳ ಭಾವನೆಯನ್ನು ಹಗುರ ಮಾಡುವುದಿಲ್ಲ. ಇಂಥ ಕಡೆ ಹೀಗೆ ಅನ್ನಿಸುವುದು ಸಹಜ ಎಂದು ತಿಳಿಸಿ, ಮೃದುವಾಗಿ, ಖಚಿತವಾಗಿ ಬಾಗಿಲು ಹಾಕುತ್ತಾನೆ. ಶ್ರೀನಾಥರ ವೈದ್ಯ ಮಾಡಲಾಗದೇ ಹೋದದ್ದು ಇದನ್ನೇ. ಆದರೆ ಇದೇ ಚಿಕಿತ್ಸಕ ಉಳಿದ ಹೊತ್ತಿನಲ್ಲಿ ಮಾಡುವುದೇನು? ಗೋವಾದ ಕಡಲ ತೀರದಲ್ಲಿ ಅಡ್ಡಾಡಿಸುತ್ತಾನೆ, ಸ್ವಾರಸ್ಯವಾದ ದೃಷ್ಟಾಂತಗಳನ್ನು ಹೇಳುತ್ತಾನೆ, ಕುರ್ಚಿ ಆರಿಸುವುದಕ್ಕೂ ಬಾಳಸಂಗಾತಿಯನ್ನು ಆರಿಸುವುದಕ್ಕೂ ಹೋಲಿಕೆ ಕೊಡುತ್ತಾನೆ. ಮಾತು ಬಲು ಚೆಂದ. ಅಷ್ಟು ಚೆಂದದ ಮಾತುಗಾರನ ಎದುರು ರೋಗಿಗೆ ತನ್ನದೇ ಮಾತು ಹುಡುಕಿಕೊಳ್ಳಲು ತೆರಪು ಸಿಗುವುದು ಕಷ್ಟ. ಗಡಿಯ ನೀತಿ ಗೊತ್ತಿರುವ, ಕೇಳುವ ಕಸಬು ಅರ್ಧ ಮಾತ್ರ ಬಂದಿರುವ ಬುದ್ಧಿವಂತ ಅಣ್ಣ ಆತ.

ಕೇಳುವುದು ಕಸಬು ಎಂಬುದನ್ನು ನಾವು ಒಪ್ಪುವುದಿಲ್ಲ. ಕಿವಿ ಇದ್ದವರೆಲ್ಲ ಕೇಳುತ್ತಾರೆ, ಒಳ್ಳೆಯ ಮನಸ್ಸಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ತನ್ನ ಪ್ರಸಿದ್ಧ ಲೇಖನದಲ್ಲಿ ಸಮಾಲೋಚಕನಿಗೆ ಬೇಕಾದ ಮೂರು ಗುಣಗಳನ್ನು ಹೇಳಿದ: ಒಳಗೊಂದು ಹೊರಗೊಂದು ಇಲ್ಲದಿರುವುದು, ಎದುರಿನವರನ್ನು ಷರತ್ತಿಲ್ಲದೆ ಗೌರವಿಸುವುದು, ಅವರ ಲೋಕವನ್ನು ಅವರ ಜಾಗದಲ್ಲಿ ನಿಂತು ಕಾಣುವುದು. ಕೊನೆಯದರಲ್ಲಿ ಆತ ಒಂದು ಎಚ್ಚರವನ್ನೂ ಸೇರಿಸಿದ್ದ. ಅವರ ದುಃಖವನ್ನು ನಮ್ಮದೇ ಎಂಬಂತೆ ಅರಿಯಬೇಕು, ಆದರೆ ‘ಎಂಬಂತೆ’ ಎಂಬುದನ್ನು ಕಳೆದುಕೊಳ್ಳಬಾರದು. ‘ಮಾನಸ ಸರೋವರ’ದ ವೈದ್ಯ ಕಳೆದುಕೊಂಡದ್ದು ಆ ಒಂದು ಪದವನ್ನು. ಹಾಗಾಗಿ ಕೌಶಲ ಬೇರೆ, ನೀತಿ ಬೇರೆ ಎಂದು ಎರಡು ಅಧ್ಯಾಯ ಮಾಡಿ ಕಲಿಸುವ ತರಬೇತಿಗಳ ಬಗ್ಗೆ ನನಗೆ ಅನುಮಾನವಿದೆ. ಚೆನ್ನಾಗಿ ಕೇಳಿದಷ್ಟೂ ಎದುರಿನವರು ಹತ್ತಿರವಾಗುತ್ತಾರೆ. ಹತ್ತಿರವಾದಷ್ಟೂ ಅವರನ್ನು ನೋಯಿಸುವ ಶಕ್ತಿ ನಮಗೆ ಹೆಚ್ಚುತ್ತದೆ. ಗಡಿ ಗೊತ್ತಿಲ್ಲದವನ ಕೈಯಲ್ಲಿ ಕೇಳುವ ಕೌಶಲವೇ ಅಪಾಯದ ಸಾಧನ.

ರೋಜರ್ಸ್ ಕೆಲಸ ಮಾಡುವುದನ್ನು ನೋಡಬಯಸುವವರಿಗೆ 1965ರ ಒಂದು ಚಲನಚಿತ್ರವಿದೆ. ಗ್ಲೋರಿಯಾ ಎಂಬ ವಿಚ್ಛೇದಿತ ಮಹಿಳೆಯನ್ನು ಮೂವರು ಚಿಕಿತ್ಸಕರು, ರೋಜರ್ಸ್, ಫ್ರಿಟ್ಸ್ ಪರ್ಲ್ಸ್ ಮತ್ತು ಆಲ್ಬರ್ಟ್ ಎಲಿಸ್, ಒಬ್ಬರಾದ ಮೇಲೆ ಒಬ್ಬರಂತೆ ಸಂದರ್ಶಿಸುತ್ತಾರೆ. ಪುಟ್ಟ ಮಗಳು ಕೇಳಿದ ಮುಜುಗರದ ಪ್ರಶ್ನೆಗೆ ತಾನು ಸುಳ್ಳು ಹೇಳಿದೆ, ಅದು ಸರಿಯೇ ಎಂದು ಆಕೆ ರೋಜರ್ಸ್‌ನನ್ನು ಮತ್ತೆ ಮತ್ತೆ ಕೇಳುತ್ತಾಳೆ. ಆತ ಹೌದು ಅಲ್ಲ ಎನ್ನುವುದಿಲ್ಲ. ಇಷ್ಟು ಖಾಸಗಿಯಾದ ಪ್ರಶ್ನೆಗೆ ನಿನ್ನ ಪರವಾಗಿ ನಾನು ಉತ್ತರಿಸಲಾರೆ, ನೀನು ನಿನ್ನ ಉತ್ತರ ಹುಡುಕಲು ಜೊತೆಗಿರುತ್ತೇನೆ ಎಂಬರ್ಥದ ಮಾತು ಆಡುತ್ತಾನೆ. ಆಕೆಗೆ ಮೊದಮೊದಲು ಸಿಟ್ಟೇ ಬರುತ್ತದೆ. ನಿಧಾನವಾಗಿ ಆಕೆಯ ಬಾಯಿಂದಲೇ ಉತ್ತರದಂಥದ್ದು ಹೊರಬರುತ್ತದೆ. ನಮ್ಮಲ್ಲಾಗಿದ್ದರೆ ಎರಡನೇ ನಿಮಿಷಕ್ಕೇ ‘ನೋಡಮ್ಮಾ, ಮಕ್ಕಳ ಮುಂದೆ ಇದನ್ನೆಲ್ಲ ಹೇಳಬಾರದು’ ಎಂದು ಮುಗಿಸಿಬಿಡುತ್ತಿದ್ದರು. ಹಾಗೆಂದು ಈ ಚಿತ್ರವೂ ಪ್ರಶ್ನಾತೀತವಲ್ಲ. ಒಬ್ಬಾಕೆಯ ಅತಿ ಖಾಸಗಿ ಅರ್ಧ ಗಂಟೆಯನ್ನು ಜಗತ್ತಿನ ಮನಶ್ಶಾಸ್ತ್ರದ ತರಗತಿಗಳು ದಶಕಗಟ್ಟಲೆ ನೋಡುತ್ತಾ ಬಂದಿವೆ. ನಾನೂ ನೋಡಿದೆ. ನೋಡುವಾಗ ಕದ್ದು ಕೇಳಿದಂತಾಯಿತು.

ಕನ್ನಡದಲ್ಲಿ ಈ ಕಸಬು ಮಾಡುವವರಿಗೆ ಭಾಷೆಯದೇ ಕೆಲವು ಒಡ್ಡುಗಳಿವೆ. ‘ಯಾಕೆ’ ಎಂಬ ಪ್ರಶ್ನೆ ನಮ್ಮ ಕಿವಿಗೆ ವಿಚಾರಣೆಯಂತೆ ಕೇಳಿಸುತ್ತದೆ. ‘ಯಾಕೆ ಹೊಡೆದರು?’ ಎಂದು ಹೆಂಗಸನ್ನು ಕೇಳಿದರೆ ಹೊಡೆಯುವುದಕ್ಕೆ ಅವಳ ಕಡೆಯಿಂದ ಒಂದು ಕಾರಣ ಇರಲೇಬೇಕು ಎಂದಾಯಿತು. ‘ಆಮೇಲೆ ಏನಾಯಿತು?’, ‘ಆಗ ನಿಮಗೆ ಹೇಗನ್ನಿಸಿತು?’ ಎಂದರೆ ಬಾಗಿಲು ತೆರೆದಿರುತ್ತದೆ. ಹಾಗೆಯೇ ಸಂಬೋಧನೆ. ಅಪರಿಚಿತರನ್ನು ‘ಅಮ್ಮಾ’, ‘ತಂಗೀ’, ‘ಮಗಳೇ’ ಎನ್ನುವುದು ನಮ್ಮ ಸೌಜನ್ಯ. ಆದರೆ ‘ತಂಗೀ’ ಎಂದವನು ಆ ಕ್ಷಣಕ್ಕೆ ಅಣ್ಣನಾದ, ಅಣ್ಣನಿಗೆ ಗದರುವ ಅಧಿಕಾರ ಬಂತು. ‘ನೀವು’ ಎಂಬ ಸಾದಾ ಬಹುವಚನದಲ್ಲಿ ಇರುವ ದೂರ ಇಂಥ ಕೋಣೆಯಲ್ಲಿ ಒಳ್ಳೆಯದೇ. ಇನ್ನು ಮೌನ. ಎದುರಿನವರು ಸುಮ್ಮನಾದ ಕೂಡಲೇ ನಮಗೆ ಏನಾದರೂ ಹೇಳಿ ತುಂಬಿಸಬೇಕು ಅನ್ನಿಸುತ್ತದೆ. ಅದನ್ನು ತಡೆದುಕೊಳ್ಳುವುದನ್ನು ಕಲಿಯಲು ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ.

ಈಗ ನನ್ನ ತಂಗಿಯ ಕಥೆ. ಸಣ್ಣ ಊರು. ಮದುವೆಯಾಗಿ ಆರು ವರ್ಷ, ಇಬ್ಬರು ಮಕ್ಕಳು. ಗಂಡ ಹೊಡೆಯುತ್ತಿದ್ದ. ಯಾರದೋ ಮಾತು ಕೇಳಿ ಅವಳು ಸಮಾಲೋಚನಾ ಕೇಂದ್ರವೊಂದಕ್ಕೆ ಹೋದಳು. ಅಲ್ಲಿದ್ದ ಹೆಂಗಸು ಒಳ್ಳೆಯವರೇ. ಚಹಾ ತರಿಸಿದರು, ಕೈ ಹಿಡಿದುಕೊಂಡರು, ಅವಳ ಜೊತೆ ತಾವೂ ಅತ್ತರು. ಅಷ್ಟು ಪ್ರೀತಿ ಕಂಡು ಇವಳು ಯಾರಿಗೂ ಹೇಳದ್ದನ್ನೂ ಹೇಳಿದಳು: ಒಂದು ಚೀಟಿ ಕಟ್ಟುತ್ತಿದ್ದೇನೆ, ಅದು ಕೈಗೆ ಬಂದ ದಿನ ಮಕ್ಕಳನ್ನು ಕರೆದುಕೊಂಡು ಹೊರಟುಬಿಡುತ್ತೇನೆ. ಮೂರು ದಿನಕ್ಕೆ ಚೀಟಿಯ ವಿಷಯ ಗಂಡನ ಮನೆಯಲ್ಲಿತ್ತು. ಆ ಹೆಂಗಸು ಅವಳ ಅತ್ತೆಗೆ ದೂರದ ಸಂಬಂಧ. ಮನೆ ಒಡೆಯಬಾರದು ಎಂಬ ಒಳ್ಳೆಯ ಉದ್ದೇಶದಿಂದ ‘ಸೊಸೆಯನ್ನು ಸ್ವಲ್ಪ ಚೆನ್ನಾಗಿ ನೋಡಿಕೊಳ್ಳಿ, ಇಲ್ಲದಿದ್ದರೆ ಹೀಗಾಗುತ್ತದೆ’ ಎಂದು ಅತ್ತೆಗೆ ಬುದ್ಧಿ ಹೇಳಿದ್ದರು. ಆ ರಾತ್ರಿ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಚೀಟಿಯ ಹಣ ಹೋಯಿತು. ನಾವು ಹೋಗಿ ಕೇಳಿದಾಗ ಆ ಹೆಂಗಸು ನಿಜಕ್ಕೂ ನೊಂದು, ‘ನನ್ನ ಸ್ವಂತ ಮಗಳೆಂದುಕೊಂಡೇ ಮಾಡಿದೆ’ ಅಂದರು. ಸುಳ್ಳಲ್ಲ, ಹಾಗೆಯೇ ಮಾಡಿದ್ದರು.

ಆಮೇಲೆ ಕಾಯ್ದೆಯನ್ನು ತೆರೆದು ನೋಡಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು. ಅದರ ನಿಯಮಗಳು 2006ರ ಅಕ್ಟೋಬರಿನಿಂದ ಜಾರಿಯಲ್ಲಿವೆ. ಅದರಲ್ಲಿ ಮ್ಯಾಜಿಸ್ಟ್ರೇಟರು ಕಳಿಸುವ ಸಮಾಲೋಚನೆಗೆ ಎಷ್ಟು ಸ್ಪಷ್ಟವಾದ ಗೆರೆಗಳಿವೆ! ವಿವಾದದಲ್ಲಿ ಆಸಕ್ತಿ ಇರುವವರು, ಯಾವುದೇ ಪಕ್ಷದ ಸಂಬಂಧಿಕರು ಸಮಾಲೋಚಕರಾಗುವಂತಿಲ್ಲ, ಎಲ್ಲ ಪಕ್ಷಗಳೂ ಲಿಖಿತವಾಗಿ ಒಪ್ಪಿದ ಹೊರತು. ಸಾಧ್ಯವಾದಷ್ಟೂ ಸಮಾಲೋಚಕರು ಮಹಿಳೆಯರಾಗಿರಬೇಕು. ಹಿಂಸೆ ಮರುಕಳಿಸುವುದಿಲ್ಲ ಎಂಬ ಭರವಸೆ ಪಡೆಯುವುದು ಇಡೀ ಪ್ರಕ್ರಿಯೆಯ ಗುರಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು: ಹೊಡೆದವನು ತಾನು ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಸಮಾಲೋಚನೆಯಲ್ಲಿ ಅವಕಾಶವೇ ಇಲ್ಲ; ಇಲ್ಲವೆಂಬುದನ್ನು ಅವನಿಗೆ ಮೊದಲೇ ತಿಳಿಸಬೇಕು. ಅಂದರೆ ‘ಯಾಕೆ ಹೊಡೆದೆ’ ಎಂಬ ಪ್ರಶ್ನೆಯನ್ನೇ ಕಾನೂನು ಕೋಣೆಯ ಹೊರಗಿಟ್ಟಿದೆ. ನನ್ನ ತಂಗಿ ಕೋರ್ಟಿನ ಮೂಲಕ ಹೋದವಳಲ್ಲ, ಆದ್ದರಿಂದ ಈ ನಿಯಮಗಳು ಅವಳ ಪ್ರಕರಣಕ್ಕೆ ನೇರವಾಗಿ ಅನ್ವಯಿಸಲಿಕ್ಕಿಲ್ಲ. ಆದರೆ ‘ಎರಡೂ ಕಡೆಯವರು ಸ್ವಲ್ಪ ಹೊಂದಿಕೊಳ್ಳಿ’ ಎಂದು ಆರಂಭವಾಗುವ ರಾಜಿ ಪಂಚಾಯಿತಿಗೆ ಸಮಾಲೋಚನೆ ಎಂದು ಫಲಕ ಬರೆಸಿರುವ ಎಲ್ಲರೂ ಇವನ್ನು ಓದಬೇಕು.

ಗುಟ್ಟು ಕಾಯುವುದಕ್ಕೂ ಎಲ್ಲೆಯುಂಟು, ಅದನ್ನು ಮುಚ್ಚಿಡಬಾರದು. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಪ್ರೊಸೆನ್‌ಜಿತ್ ಪೊದ್ದಾರ್ ಎಂಬ ಭಾರತೀಯ ವಿದ್ಯಾರ್ಥಿ ತಟಿಯಾನಾ ತಾರಾಸಾಫ್ ಎಂಬ ಹುಡುಗಿಯನ್ನು ಕೊಲ್ಲುವ ಯೋಚನೆಯನ್ನು ತನ್ನ ಮನಶ್ಶಾಸ್ತ್ರಜ್ಞನ ಮುಂದೆ ಹೇಳಿದ್ದ. ಆತ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದ. ಪೊಲೀಸರು ವಿಚಾರಿಸಿ ಬಿಟ್ಟರು. ಹುಡುಗಿಗಾಗಲೀ ಅವಳ ಮನೆಯವರಿಗಾಗಲೀ ಯಾರೂ ಹೇಳಲಿಲ್ಲ. ಆಕೆ ಕೊಲೆಯಾದಳು. ಗುರಿಯಾದವರನ್ನು ಕಾಪಾಡಲು ಕ್ರಮ ಕೈಗೊಳ್ಳುವ ಹೊಣೆ ಚಿಕಿತ್ಸಕರಿಗೆ ಇದೆ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಪಿತ್ತಿತು. ನಮ್ಮಲ್ಲಿಯೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ, ಜೊತೆಗೆ ಅಪಾಯದ ಸಂದರ್ಭದ ವಿನಾಯಿತಿಗಳನ್ನೂ ಹೇಳುತ್ತದೆ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು, ಕೇಳಿದವರು ಯಾರೇ ಆಗಿರಲಿ. ಆದ್ದರಿಂದಲೇ ‘ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ, ಈ ಈ ಸಂದರ್ಭಗಳನ್ನು ಬಿಟ್ಟು’ ಎಂಬ ಮಾತನ್ನು ಮೊದಲ ದಿನ, ಚಹಾ ತರಿಸುವ ಮೊದಲೇ, ಬಿಡಿಸಿ ಹೇಳಬೇಕು. ಶಾಲೆಗಳಲ್ಲಿ ಹದಿಹರೆಯದವರ ಜೊತೆ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಟ್ಟು ಆಮೇಲೆ ಹೇಳಬೇಕಾಗಿ ಬಂದರೆ ಆ ಮಗು ಇನ್ನೊಬ್ಬ ದೊಡ್ಡವರನ್ನು ನಂಬುವುದು ಯಾವಾಗ?

‘ಹಾಗಾದರೆ ಸಮಾಲೋಚಕರೆಂದು ಫಲಕ ಹಾಕಿಕೊಳ್ಳಲು ಯಾರ ಅಪ್ಪಣೆ ಬೇಕು?’ ಎಂದು ತಂಗಿಯ ಗಂಡನ ಮನೆಯಿಂದ ಮರಳುವ ದಾರಿಯಲ್ಲಿ ಚಿಕ್ಕಪ್ಪ ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಮನೋವೈದ್ಯರಿಗೆ ವೈದ್ಯರ ನಿಯಮಾವಳಿ ಇದೆ. ರೋಗಿಯೊಂದಿಗಿನ ಅನುಚಿತ ಸಂಬಂಧವನ್ನು 2002ರ ನಿಯಮಾವಳಿ ವೃತ್ತಿದುರ್ನಡತೆ ಎಂದು ಹೆಸರಿಸಿಯೇ ಹೇಳಿತು. ಅಮೆರಿಕದ ಮನಶ್ಶಾಸ್ತ್ರ ಸಂಘದ ಸಂಹಿತೆಯಂತೂ 1992ರಿಂದ, ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಎರಡು ವರ್ಷ ಇಂಥ ಸಂಬಂಧ ಕೂಡದು, ಆಮೇಲೂ ತೀರ ಅಪರೂಪಕ್ಕೆ ಮಾತ್ರ ಎನ್ನುತ್ತಿದೆ. ಅಲ್ಲಿಯ ಸಮಾಲೋಚಕರ ಸಂಘ 2005ರಲ್ಲಿ ತನ್ನವರಿಗೆ ಇದನ್ನು ಐದು ವರ್ಷ ಮಾಡಿತು. ನಮ್ಮಲ್ಲಿ ಸಾದಾ ಸಮಾಲೋಚಕರ ಮಟ್ಟಿಗೆ ಬಹುಕಾಲ ಬಾಗಿಲೇ ಇಲ್ಲದ ಮನೆಯಾಗಿತ್ತು. ಸಮಾಲೋಚಕರನ್ನೂ ಒಳಗೊಂಡ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆ ಬಂದದ್ದು 2021ರಲ್ಲಿ. ನೋಂದಣಿಯಿಂದ ಎಲ್ಲ ಸರಿಹೋಗುತ್ತದೆಂದು ನಾನು ನಂಬಿಲ್ಲ. ಆದರೆ ತಪ್ಪಾದಾಗ ಹೋಗಿ ಕೇಳಲು ಒಂದು ಜಾಗವಾದರೂ ಬೇಕಲ್ಲ. ನಾವು ಆ ಹೆಂಗಸನ್ನು ಕಂಡು ಬಂದೆವೇ ಹೊರತು ದೂರು ಕೊಡುವುದು ಎಲ್ಲಿ ಎಂದು ನಮಗೆ ಯಾರೂ ಹೇಳಲಿಲ್ಲ.

ತಂಗಿ ಈಗ ಬೇರೆ ಊರಿನಲ್ಲಿದ್ದಾಳೆ, ಮಕ್ಕಳ ಜೊತೆ. ಎರಡು ವರ್ಷ ಅವಳು ಯಾರ ಹತ್ತಿರವೂ ತನ್ನ ವಿಷಯ ಎತ್ತಲಿಲ್ಲ, ನನ್ನ ಹತ್ತಿರವೂ. ರಾತ್ರಿ ನಿದ್ದೆ ಬರುವುದಿಲ್ಲ ಎಂದು ಒಮ್ಮೆ ಬಾಯಿಬಿಟ್ಟಾಗ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಬಗ್ಗೆ ಹೇಳಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ಅಲ್ಲಿ ಮಾತಾಡುವವರು ನಮ್ಮ ಕಡೆಯವರಾ ಅಕ್ಕ?’

‘ಅಲ್ಲ, ಯಾರೋ ಏನೋ. ನೀನು ಯಾರೆಂದೂ ಅವರಿಗೆ ಗೊತ್ತಿರುವುದಿಲ್ಲ’ ಎಂದೆ.

‘ಹಾಗಿದ್ದರೆ ಆ ನಂಬರ್ ಬರೆದುಕೊಡು’ ಅಂದಳು.